ಎರಡೇ ಕುರ್ಚಿ

ಹಳೆಯ ವಾಯಿದೆ ಪಟ್ಟಿಯ ಬೆನ್ನಿಗೆ ಬರೆಯುತ್ತಿದ್ದೇನೆ.
ಮುಂಬದಿಯ ತುಂಬ ಗೆದ್ದು ಸೋತವರು, ಸೋತು ಸತ್ತವರು.
ಹಿಂಬದಿ ಖಾಲಿ. ನನ್ನದು.

ಕಿಸುಮುವಿನಲ್ಲಿ ಭಾನುವಾರ ಸಂಜೆ. ಸರೋವರದಿಂದ
ಸಣ್ಣ ನೊಣಗಳು ಹೊಗೆಯ ಹಾಗೆ ಎದ್ದು ಬಂದು
ದೀಪಕ್ಕೆ ಮುತ್ತಿವೆ, ಒರೆಸಿದರೆ ಅಂಕಿಗಳ ಮೇಲೆ ಹಸಿರು ಗೀರು.
ಉಳಿತಾಯ: ಏಳು ತಿಂಗಳ ಬಾಡಿಗೆ,
ಅಕ್ಕನ ಸಾಲ ಬಿಟ್ಟರೆ.
ಬಿಡುವವಳಲ್ಲ ಅವಳು. ಹಾಗಾದರೆ ಐದು.

ಆ ಐದರಲ್ಲಿ ಸನ್ನದಿನ ಶುಲ್ಕ, ವಿಮೆ,
ಬೀಗ ಸರಿಯಿರುವ ಒಂದು ಕಬ್ಬಿಣದ ಕಪಾಟು,
ಮತ್ತೆ ಪ್ರಮಾಣಪತ್ರಕ್ಕೆ ಒತ್ತುವ ದುಂಡು ಮುದ್ರೆ,
ಅಂಚಿನ ಸುತ್ತ ಬಾಗಿ ಬಾಗಿ ನಡೆಯುವ ಹೆಸರು:
ರೋಸ್ಲಿನ್ ಅಪೊಂಡಿ, ವಕೀಲೆ.
ಮಾಡಿಸಿಟ್ಟಿದ್ದೇನೆ ಆಗಲೇ. ಯಾರಿಗೂ ಹೇಳಿಲ್ಲ.
ಒಂದು ರಾತ್ರಿ ಅಂಗೈಗೆ ಒತ್ತಿಕೊಂಡೆ,
ಉಜ್ಜಿದರೂ ಹೋಗಲಿಲ್ಲ;
ಮರುದಿನ ಮುಷ್ಟಿ ಬಿಚ್ಚದೆ ವಾದಿಸಿದೆ.

ಒಜ್ವಾಂಗ್ ಸಾಹೇಬರಿಗೆ ವಾಸನೆ ಬಡಿದಿದೆ.
ಕನ್ನಡಕ ಒರೆಸುತ್ತ ಕೇಳಿದರು,
"ಒಬ್ಬಳೇ ಅಂದಮೇಲೆ, ಜ್ವರ ಬಂದ ದಿನ
ನಿನ್ನ ಬದಲು ಯಾರು ನಿಲ್ಲುತ್ತಾರೆ?"
ಒಳ್ಳೆಯ ಪ್ರಶ್ನೆ. ಪಟ್ಟಿಗೆ ಸೇರಿಸಿದೆ: ಜ್ವರ.
ಅದರ ಎದುರು ಏನೂ ಬರೆದಿಲ್ಲ.
ಅವರ ಕಕ್ಷಿದಾರರಲ್ಲಿ ಒಬ್ಬರನ್ನೂ ಮುಟ್ಟುವುದಿಲ್ಲ,
ಒಂದು ಫೈಲನ್ನೂ ಒಯ್ಯುವುದಿಲ್ಲ.
ಕಲಿತದ್ದನ್ನು ಮಾತ್ರ ಹಿಂತಿರುಗಿಸಲಾಗದು,
ಕಲಿಯಬಾರದಿತ್ತು ಅನ್ನಿಸಿದ್ದನ್ನೂ.

ಮೂರು ಶನಿವಾರ ಕೋಣೆ ಹುಡುಕಿದೆ.
ಮಾರುಕಟ್ಟೆಯ ಹಿಂದೆ ಮೂರನೇ ಮಹಡಿ,
ಗಾಳಿ, ಬೆಳಕು, ಕಿಟಕಿಯಲ್ಲಿ ನೀರಿನ ಒಂದು ಚೂರು,
ಬಾಡಿಗೆಯೂ ಕಡಿಮೆ. ಇಳಿಯುವಾಗ ಮೆಟ್ಟಿಲು ಎಣಿಸಿದೆ:
ಐವತ್ತೆರಡು.
ನನ್ನ ಬಳಿ ಬರುವವರ ಮಂಡಿ ನನಗೆ ಗೊತ್ತು.

ಕೊನೆಗೆ ಸಿಕ್ಕಿದ್ದು ಕೋರ್ಟಿನ ಗೇಟಿನಿಂದ ಇನ್ನೂರು ಹೆಜ್ಜೆ,
ಜೆರಾಕ್ಸ್ ಅಂಗಡಿಗೆ ಅಂಟಿಕೊಂಡ
ಮೆಟ್ಟಿಲ ಕೆಳಗಿನ ಸಂದು. ಆರಡಿಗೆ ಏಳಡಿ.
ಕರೆಂಟು ಹೋದರೆ ಪಕ್ಕದವನ ಜನರೇಟರಿನಿಂದ ಒಂದು ತಂತಿ, ಮಾತಾಗಿದೆ.
ನೆತ್ತಿಯ ಮೇಲೆ ದಿನವಿಡೀ ಯಾರದೋ ಚಪ್ಪಲಿ.
ಮೇಜು, ನನ್ನ ಕುರ್ಚಿ, ಎದುರಿಗೊಂದು.
ಮೂರನೆಯದಿಟ್ಟರೆ ಬಾಗಿಲು ಮುಚ್ಚದು.
"ತೀರ ಇಕ್ಕಟ್ಟಾಯಿತೇನೋ ಮೇಡಂ," ಅಂದ ಮಾಲೀಕ.
ನಾನು ಅಳತೆ ಟೇಪನ್ನು ಮತ್ತೊಮ್ಮೆ ಎಳೆದೆ.

ಸೆಮೆ ಕಡೆಯ ಹೆಂಗಸು. ನಾಲ್ಕು ವರ್ಷದ ಹಿಂದೆ
ಸಾಹೇಬರ ವಿಶಾಲ ಕೋಣೆಯ ಸೋಫಾದ ತುದಿಯಲ್ಲಿ.
ಗಂಡನ ಗೋರಿಯ ಮಣ್ಣು ಇನ್ನೂ ಕುಸಿದಿರಲಿಲ್ಲ.
ಪಕ್ಕದಲ್ಲಿ ಮೈದುನ, ಅವನ ಪಕ್ಕ ಇನ್ನೊಬ್ಬ ಮೈದುನ,
ಬಾಗಿಲ ಹತ್ತಿರ ಟೋಪಿ ಹಿಡಿದ ಯಾರೋ ಹಿರಿಯ.
ಹೊಲ ಉತ್ತಿದ್ದು ಯಾರು, ಕೇಳಿದೆ.
ಆಕೆ ಬಾಯಿ ತೆರೆದಳು, ಮೈದುನ ಹೇಳಿದ.
ಮಕ್ಕಳೆಷ್ಟು?
ನಾಲ್ಕು, ಅಂದ.
ಆಕೆಯ ಮಡಿಲಲ್ಲಿ ಬೆರಳು ಐದಕ್ಕೆ ನಿಂತಿತ್ತು.

ನೋಡಿದೆ. ನೋಡಿಯೂ ನನ್ನ ಪೆನ್ನು ನಾಲ್ಕೆಂದೇ ಬರೆಯಿತು.
ಬರೆದದ್ದನ್ನು ಲುವೋ ಭಾಷೆಯಲ್ಲಿ ಓದಿ ಹೇಳಿದೆ,
ನಿಧಾನವಾಗಿ, ಎಲ್ಲರ ಮುಂದೆ.
ಒಪ್ಪಿಗೆಯೇ, ಎಂದೆ.
ಎಲ್ಲರೂ ಆಕೆಯ ಕಡೆ ತಿರುಗಿದರು.
ಹೆಬ್ಬೆಟ್ಟು ಒತ್ತಿದಳು.
ಕಾನೂನಿನ ಪ್ರಕಾರ ಒಂದಕ್ಷರ ತಪ್ಪಿರಲಿಲ್ಲ.

ಅದಕ್ಕೇ ಆರಡಿಗೆ ಏಳಡಿ.
ಆಕೆಯಂಥವಳು ಬಂದರೆ ಒಳಗೆ ಒಬ್ಬಳೇ ಬರಬೇಕು,
ಬೇರೆ ದಾರಿಯಿಲ್ಲ, ಜಾಗ ನೋಡಿ, ಕ್ಷಮಿಸಿ.
ಬಾಗಿಲು ಮುಚ್ಚಿದ ಮೇಲೆ
ಜೆರಾಕ್ಸ್ ಯಂತ್ರದ ಗದ್ದಲ ದಾಟಿ
ಅವಳ ಎಣಿಕೆ ಯಾರಿಗೂ ಕೇಳದು.
ಮೈದುನರಿಗೆ ಹೊರಗೆ ಒಂದು ಬೆಂಚು.

ಬೆಂಚಿನ ಖರ್ಚು ಹಿಡಿದಿರಲಿಲ್ಲ. ಬರೆಯುತ್ತೇನೆ:
ಬೆಂಚು, ಉದ್ದನೆಯದು, ಗಟ್ಟಿ ಮರದ್ದು,
ಬಹಳ ಹೊತ್ತು ಕೂರುವಂಥದು.
ಐದು ತಿಂಗಳು ಈಗ ನಾಲ್ಕೂವರೆ.
ಜ್ವರದ ಎದುರು ಇನ್ನೂ ಖಾಲಿ.